ಆರರಲ್ಲಿ ಎರಡು ಕಳೆದರೆ ನಾನು ಎಷ್ಟಾಣೆ ಜೀವ?

ಬ್ಯಾಡಗಿ ಲೆಕ್ಕದವ:
ನಮಸ್ಕಾರ್ರೀ. ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ, ದಲಾಲಿ ಅಂಗಡಿಯೊಂದರ ಲೆಕ್ಕ ಬರೆಯುತ್ತೇನೆ. ಮಗಳು ಈ ವರ್ಷ ನರ್ಸಿಂಗ್ ಸೇರಿದ್ದಾಳೆ. ರಾತ್ರಿ ನನ್ನ ಮುಂದೆ ಪಾಠ ಒಪ್ಪಿಸುತ್ತಾಳೆ. ಜೀವ ಇದೆ ಅನ್ನಲು ಆರು ಕೆಲಸ ನಡೀಬೇಕಂತೆ: ಚಯಾಪಚಯ, ಸ್ಪಂದನೆ, ಚಲನೆ, ಬೆಳವಣಿಗೆ, ಜೀವಕೋಶಗಳು ಬೇರೆಬೇರೆ ರೂಪ ತಾಳುವುದು, ಸಂತಾನೋತ್ಪತ್ತಿ.

ಮೊದಲ ಮೂರು ಸಲೀಸು. ತಿಂದ ರೊಟ್ಟಿ ಕರಗಿ ಶಕ್ತಿಯಾಗುತ್ತದೆ, ಅದು ಚಯಾಪಚಯ. ಘಾಟು ಮೂಗಿಗೆ ಬಡಿದರೆ ಸೀನು ಬರುತ್ತದೆ, ಸ್ಪಂದನೆ ಚಲನೆ ಎರಡೂ ಅದರಲ್ಲೇ ಬಂದವು. ಆದರೆ ನನಗೀಗ 46. ಎತ್ತರ ನಿಂತು ಯಾವ ಕಾಲವಾಯಿತೋ. ಎರಡು ಮಕ್ಕಳು ಸಾಕು ಅಂತ ಮನೆಯವರಿಗೆ ಆಪರೇಷನ್ನೂ ಆಗಿದೆ. ಆರರಲ್ಲಿ ಎರಡು ಕಳೆದರೆ ರೂಪಾಯಿಗೆ ಹನ್ನೊಂದಾಣೆಯೂ ಕೂಡುವುದಿಲ್ಲ. ನಾನು ಅಷ್ಟೇ ಜೀವಂತನಾ? ಮಗಳು ನಗುತ್ತಾಳೆ, ಉತ್ತರ ಮಾತ್ರ ಇಲ್ಲ.

ಹುಬ್ಬಳ್ಳಿ ಸಿಸ್ಟರ್:
ಅಣ್ಣಾರ, ಇಡೀ ಆಳನ್ನು ಹಿಡಿದು ಎಣಿಸಿದ್ದೀರಿ, ಜೀವಕೋಶ ಹಿಡಿದು ಎಣಿಸಿ. ಒಂದು ಕೋಶ ಒಡೆದು ಎರಡಾಗುವುದನ್ನೂ ಕೊನೆಯ ಕೆಲಸದಲ್ಲೇ ಸೇರಿಸುತ್ತಾರೆ. ನಿಮ್ಮ ಸಣ್ಣ ಕರುಳಿನ ಒಳಪದರ ನಾಲ್ಕೈದು ದಿನಕ್ಕೆ ಹೊಸದಾಗುತ್ತಲೇ ಇದೆ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಈಚೆಗೆ ಬೆರಳೇನಾದರೂ ಜಜ್ಜಿಕೊಂಡಿದ್ದರೆ ಆ ಕಪ್ಪು ಕಲೆ ಈಗ ಎಲ್ಲಿಗೆ ಬಂದಿದೆ ನೋಡಿ.

ಧಾರವಾಡದ ಹಳೇ ಮಾಸ್ತರ:
ಸಿಸ್ಟರ್ ಹೇಳಿದ್ದಕ್ಕೆ ನನ್ನದೊಂದು ತಕರಾರು. ಎಲ್ಲ ಕೋಶವೂ ಆರೂ ಕೆಲಸ ಮಾಡುವುದಿಲ್ಲ. ಮೂಳೆ ಮಜ್ಜೆಯಲ್ಲಿ ಒಂದೇ ಬಗೆಯ ಮೂಲಕೋಶದಿಂದ ಕೆಂಪು ರಕ್ತಕಣ, ಬಿಳಿ ರಕ್ತಕಣ ಎರಡೂ ಹುಟ್ಟುತ್ತವೆ. ಪಟ್ಟಿಯ ಐದನೆಯದು ಇದೇ. ಕೆಂಪು ಕಣ ಬಲಿಯುವಾಗ ತನ್ನ ಕೋಶಕೇಂದ್ರವನ್ನೇ ಹೊರಗೆ ಹಾಕುತ್ತದೆ. ಆಮೇಲೆ ಅದು ಎರಡಾಗುವ ಮಾತೇ ಇಲ್ಲ. ಆಕ್ಸಿಜನ್ ಬಳಸಿ ಶಕ್ತಿ ತಯಾರಿಸುವ ಕೋಶದ ಭಾಗ, ಮೈಟೊಕಾಂಡ್ರಿಯ ಕೂಡ ಉಳಿಯುವುದಿಲ್ಲ. ಹಾಗಾಗಿ ಮೈತುಂಬ ಆಕ್ಸಿಜನ್ ಹೊತ್ತಿದ್ದರೂ ಶಕ್ತಿಗೆ ಅದನ್ನು ಬಳಸದೆ, ಸುಮ್ನೆ ಗ್ಲೂಕೋಸ್ ಒಡೆದುಕೊಂಡು ಬದುಕುತ್ತದೆ. ನಿಮ್ಮ ಪೇಟೆಯ ಹಮಾಲರು ಹೊತ್ತ ಚೀಲ ಬಿಚ್ಚುವುದಿಲ್ಲ, ಅಲ್ವಾ?

ಸುಮಾರು 120 ದಿನಕ್ಕೆ ಅದರ ಆಯುಷ್ಯ ಮುಗಿಯುತ್ತದೆ. ಗುಲ್ಮ, ಲಿವರ್ ಅದನ್ನು ಒಡೆದು ಕಬ್ಬಿಣ ತೆಗೆದಿಡುತ್ತವೆ. ಅದೇ ಕಬ್ಬಿಣ ಮತ್ತೆ ಮಜ್ಜೆಗೆ ಹೋಗಿ ಹೊಸ ಕಣಕ್ಕೆ ಬೀಳುತ್ತದೆ. ಒಡೆಯುವುದು, ಕಟ್ಟುವುದು ಎರಡೂ ಸೇರಿದರೆ ಚಯಾಪಚಯ. ನಿಮ್ಮ ರೊಟ್ಟಿ ಕರಗಿದ್ದು ಅರ್ಧ ಲೆಕ್ಕ ಮಾತ್ರ.

ಬ್ಯಾಡಗಿ ಲೆಕ್ಕದವ:
ತಡವಾಯಿತು, ಗುರುವಾರ ಚೀಲ ಜಾಸ್ತಿ ಇದ್ದವು. ಎರಡು ತಿಂಗಳ ಹಿಂದೆ ತೂಕದ ಕಲ್ಲು ಬಿದ್ದು ಹೆಬ್ಬೆರಳ ಉಗುರಿನ ಬುಡ ಕಪ್ಪಾಗಿತ್ತು. ಈಗ ನೋಡಿದೆ, ಕಲೆ ಅರ್ಧ ದಾರಿ ಬಂದಿದೆ! ಮಗಳು ಸ್ಕೇಲ್ ಇಟ್ಟು ಅಳೆದಳು. ಬೆಳವಣಿಗೆಗೆ ಉದಾಹರಣೆ ಅಂತ ಪರೀಕ್ಷೆಯಲ್ಲಿ ಅಪ್ಪನ ಉಗುರು ಬರೆದರೆ ಮಾರ್ಕ್ಸ್ ಕೊಡ್ತಾರಾ, ಕೇಳು ಅಂದಿದ್ದಾಳೆ. ಮಾಸ್ತರ, ಹೇಳ್ರಿ.