ತೂತೋ ಕುಳಿಯೋ? ‘ನಿಧಾನವಾಗಿ’ ಎಂದರೆ ಯಾವುದು ನಿಧಾನ?

ಪದಚರ್ಚೆಯ ಬಳಗಕ್ಕೆ ನಮಸ್ಕಾರ.

ಒಂದೇ ಒಂದು ಹಾಳೆಯ ಕನ್ನಡ ಮೂರು ವಾರಗಳಿಂದ ನನ್ನನ್ನು ಕಾಡುತ್ತಿದೆ. ಕಾಸರಗೋಡಿನ ಪೆರ್ಲದ ಕಡೆ ನಮ್ಮ ನೆರೆಯಲ್ಲಿ ಒಂದು ಮರಗೆಲಸದ ಶೆಡ್ ಇದೆ. ನಾಲ್ಕು ಮಂದಿ ಹುಡುಗರು ಅಲ್ಲಿ ಕೆಲಸ ಕಲಿಯುತ್ತಿದ್ದಾರೆ. ಇಬ್ಬರ ಮನೆಮಾತು ತುಳು, ಒಬ್ಬನದು ಮಲಯಾಳ, ಇನ್ನೊಬ್ಬನದು ಮರಾಠಿ. ನಾಲ್ವರೂ ಓದಿದ್ದು ಕನ್ನಡ ಶಾಲೆಯಲ್ಲಿ. ಶೆಡ್ಡಿನ ಹಿರಿಯ ಬಡಗಿ ಆಚಾರ್ಯರು ಒಂದು ದಿನ ಮನೆಗೆ ಬಂದು, ‘ಮಾಷ್ಟ್ರೇ, ಮೆಷಿನಿನಲ್ಲಿ ಮರಕ್ಕೆ ದೊಡ್ಡ ತೂತು ಕೊರೆಯುವಾಗ ಏನೇನು ಜಾಗ್ರತೆ ಬೇಕು ಎಂಬುದನ್ನು ನಾನು ಹೇಳುತ್ತೇನೆ, ನೀವು ಚೆಂದದಲ್ಲಿ ಬರೆದುಕೊಡಿ, ಗೋಡೆಗೆ ಅಂಟಿಸುತ್ತೇನೆ’ ಎಂದರು. ಮೂವತ್ತು ವರ್ಷ ಕನ್ನಡ ಕಲಿಸಿದವನಿಗೆ ಒಂದು ಹಾಳೆ ಯಾವ ಲೆಕ್ಕ ಎಂದುಕೊಂಡು ಒಪ್ಪಿದೆ. ಹಾಳೆ ಗೋಡೆಗೆ ಏರಿದ ಹತ್ತು ದಿನಗಳಲ್ಲಿ ಒಂದು ಕಪಾಟಿನ ಬಾಗಿಲು ಹಾಳಾಯಿತು, ಡ್ರಿಲ್ ಮೆಷಿನಿನ ತುದಿಗೆ ಸಿಕ್ಕಿಸುವ ಒಂದು ಬಿಟ್ ಸುಟ್ಟು ಕರಿಯಾಯಿತು, ಒಬ್ಬ ಹುಡುಗನ ಮಣಿಕಟ್ಟು ಉಳುಕಿತು. ಮೂರರಲ್ಲೂ ನನ್ನ ವಾಕ್ಯಗಳ ಪಾಲಿದೆ.

ಬಾಗಿಲಿನ ವಿಷಯ ಮೊದಲು. ಕಪಾಟಿನ ಬಾಗಿಲಿಗೆ ಆಟೋ ಹಿಂಜ್, ಅಂದರೆ ಬಾಗಿಲು ತಾನೇ ಮುಚ್ಚಿಕೊಳ್ಳುವಂಥ ತಿರುಗಣಿ, ಕೂರಿಸಲು ಬಟ್ಟಲಿನಂಥ ಗುಂಡನೆಯ ಜಾಗ ಬೇಕು: ಅಗಲ 35 ಮಿಲಿಮೀಟರ್, ಆಳ ಸುಮಾರು 12. ಹಲಗೆಯ ದಪ್ಪ 18. ನಾನು ಬರೆದದ್ದು ‘35 ಮಿ.ಮೀ. ತೂತು ಕೊರೆಯಿರಿ’ ಎಂದು. ಹುಡುಗ ಕೊರೆದ. ಆಚೆ ಬದಿಯ ಬೆಳಕು ಕಂಡ ಮೇಲೆಯೇ ನಿಲ್ಲಿಸಿದ. ‘ತೂತು ಎಂದ ಮೇಲೆ ಆಚೆ ಹೋಗಬೇಡವೇ ಮಾಷ್ಟ್ರೇ?’ ಎಂದು ಕೇಳಿದ. ಕೇಳಿದ್ದು ಸರಿಯೇ. ತೂತು ಬಿದ್ದ ಕೊಡ, ಕಿವಿಯ ತೂತು, 1943ರಿಂದ 1947ರವರೆಗೆ ಚಲಾವಣೆಗೆ ಬಂದ ತೂತು ಕಾಸು, ಎಲ್ಲವೂ ಈಚೆಯಿಂದ ಆಚೆ ಹೋದಂಥವು.

ಆದರೆ ಗೋಡೆಗೆ ತಿರುಪುಮೊಳೆ ಹಾಕಲು ನಾವು ಮಾಡುವುದೂ ತೂತೇ. ಅದು ಪಕ್ಕದ ಕೋಣೆಗೆ ಇಣುಕುವುದಿಲ್ಲ, ಆದರೂ ಯಾರೂ ಅದನ್ನು ಕುಳಿ ಎನ್ನುವುದಿಲ್ಲ. ಹಾಗಾದರೆ ಗೆರೆ ಎಳೆಯುವುದು ಎಲ್ಲಿ? ನನಗೆ ದಾರಿ ತೋರಿಸಿದ್ದು ಅಟ್ಟದ ಮೇಲಿದ್ದ ಚೆನ್ನೆಮಣೆ, ಕಾಯಿ ಹಾಕಿ ಆಡುವ ಮರದ ಮಣೆ. ಅದರಲ್ಲಿರುವ 14 ಗುಳಿಗಳನ್ನು ತೂತು ಎಂದು ಕರೆದ ಒಬ್ಬರನ್ನೂ ನಾನು ಕಂಡಿಲ್ಲ. ಮರದಲ್ಲೇ ತೋಡಿದ್ದು, ಗುಂಡಗಿದೆ, ಅಗಲವಿದೆ, ತಳವಿದೆ. ಅಂದರೆ ಆಚೆ ಹೋಯಿತೇ ಇಲ್ಲವೇ ಎಂಬುದೊಂದರಿಂದಲೇ ಹೆಸರು ನಿಲ್ಲುವುದಿಲ್ಲ; ಸಪೂರವಾಗಿ ಒಳಕ್ಕೆ ಇಳಿದರೆ ತೂತು, ಅಗಲವಾಗಿ ತಳ ಕಾಣುವಂತಿದ್ದರೆ ಕುಳಿ ಅಥವಾ ಗುಳಿ ಎಂದು ನನ್ನ ಕಿವಿ ಹೇಳುತ್ತದೆ. ಹಿಂಜಿಗೆ ಬೇಕಾದದ್ದು ಕುಳಿ. ಬಾಗಿಲಿಗೆ ಗುಂಡುಬೀಗ ಹಾಕಲು ಕೊರೆಯುವ 54 ಮಿಲಿಮೀಟರಿನದು ತೂತು. ಈಗ ಹಾಳೆಯಲ್ಲಿ ಹಾಗೆಯೇ ತಿದ್ದಿದ್ದೇನೆ. ‘ರಂಧ್ರ’ ಎಂದು ಬರೆದಿದ್ದರೆ ಈ ಭೇದ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆ ಪದ ಎರಡನ್ನೂ ನುಂಗಿ ಸುಮ್ಮನಿರುತ್ತದೆ.

ಇಲ್ಲೊಂದು ಅಡ್ಡಮಾತು. ನಮ್ಮ ಊರುಗಳಲ್ಲಿ ‘ಸುರಂಗ’ ಎಂದರೆ ನೀರಿಗಾಗಿ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದದ್ದು. ಒರತೆ ಸಿಕ್ಕಲ್ಲಿಗೆ ಅದು ನಿಲ್ಲುತ್ತದೆ, ಒಂದೇ ಬಾಯಿ. ಬೆಂಗಳೂರಿನ ಪತ್ರಿಕೆಯ ಸುರಂಗದಲ್ಲಿ ಮೆಟ್ರೊ ಈ ಕಡೆ ಹೊಕ್ಕು ಆ ಕಡೆ ಹೊರಡುತ್ತದೆ. ಒಂದೇ ಪದ, ನಮ್ಮಲ್ಲಿ ಕುಳಿಯ ಜಾತಿ, ಅಲ್ಲಿ ತೂತಿನ ಜಾತಿ. ಗಡಿಯಾಚೆಗಿನ ಬಂಧುಗಳಿಗೆ ‘ಮನೆಯ ಸುರಂಗದಿಂದ ನೀರು ಕುಡಿಯುತ್ತೇವೆ’ ಎಂದು ಹೇಳಿ ಅವರ ಮುಖ ನೋಡಿದವರಿಗೆ ಇದು ಗೊತ್ತು.

ಶೆಡ್ಡಿನಲ್ಲಿ ಮಾತಿಗೆ ಬರುವ ಪದ ಮಾತ್ರ ತೂತೂ ಅಲ್ಲ, ಕುಳಿಯೂ ಅಲ್ಲ. ತುಳುವಿನ ಹುಡುಗರು ‘ಒಟ್ಟೆ’ ಎನ್ನುತ್ತಾರೆ. ಕರಾವಳಿಯ ಕನ್ನಡಕ್ಕೂ ಅದು ಪರಕೀಯವಲ್ಲ. ಮಲಯಾಳದ ಹುಡುಗನಲ್ಲಿ ಎರಡು ಪದಗಳಿವೆ: ಬೇಕೆಂದು ಕೊರೆದದ್ದು ‘ತುಳ’, ಬೇಡದೆ ಆದದ್ದು ‘ಓಟ್ಟ’. ಸೋರುವ ಪಾತ್ರೆಯದು ಓಟ್ಟ. ಆದರೆ ಅದೇ ತೂತು ಕಾಸು ಮಲಯಾಳದಲ್ಲಿ ‘ಓಟ್ಟಕ್ಕಾಲಣ’; ಟಂಕಸಾಲೆಯವರು ಬೇಕೆಂದೇ ಇಟ್ಟ ತೂತಿಗೂ ಓಟ್ಟ ಎಂದೇ ಹೆಸರು. ಭಾಷೆಗೆ ನಿಯಮ ಹೇಳಹೊರಟವನ ಮುಖಕ್ಕೆ ಇಂಥ ಒಂದು ಕಾಸು ಬಂದು ಬೀಳುವುದು ಇದ್ದದ್ದೇ. ಒಟ್ಟೆಯ ಮೇಲೆ ನನಗೆ ಪ್ರೀತಿ ಇದೆ. ಆದರೂ ಬಳ್ಳಾರಿಯವರೊಬ್ಬರು ಬಂದು ಓದಿದರೂ ತಿಳಿಯಲಿ ಎಂದು ತೂತನ್ನೇ ಉಳಿಸಿಕೊಂಡೆ.

ಎರಡನೆಯ ಅನಾಹುತ ‘ನಿಧಾನವಾಗಿ’ ಎಂಬುದರಿಂದ. ಆಚಾರ್ಯರು ಹೇಳಿದ್ದು ಸರಳವಾಗಿತ್ತು: ತೂತು ಅಗಲವಾದಷ್ಟೂ ಸುತ್ತು ಕಡಿಮೆ ಇರಬೇಕು. ಏಕೆಂಬುದನ್ನು ನಾನೇ ಲೆಕ್ಕ ಹಾಕಿ ನೋಡಿದೆ. 10 ಮಿಲಿಮೀಟರಿನ ಬಿಟ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಅದರ ಅಂಚು ನಿಮಿಷಕ್ಕೆ ಸುಮಾರು 47 ಮೀಟರ್ ಓಡುತ್ತದೆ. ಅದೇ ಸುತ್ತಿನಲ್ಲಿ 60 ಮಿಲಿಮೀಟರಿನ ಬಿಟ್ಟಿನ ಅಂಚು ಓಡುವುದು ಸುಮಾರು 283 ಮೀಟರ್, ಆರು ಪಟ್ಟು. ಅಂಚಿನ ಓಟ ಮೊದಲಿನಷ್ಟೇ ಇರಬೇಕಾದರೆ ಸುತ್ತು 250ಕ್ಕೆ ಇಳಿಯಬೇಕು. ಇಲ್ಲದಿದ್ದರೆ ಮರ ಕತ್ತರಿಸುವುದಕ್ಕಿಂತ ಹೆಚ್ಚಾಗಿ ತಿಕ್ಕಾಟವೇ ನಡೆದು ಹೊಗೆ ಏಳುತ್ತದೆ, ಹಲ್ಲುಗಳ ಹದ ಹೋಗುತ್ತದೆ. ಇಷ್ಟನ್ನೆಲ್ಲ ತಿಳಿದುಕೊಂಡು ನಾನು ಬರೆದ ವಾಕ್ಯ: ‘ದೊಡ್ಡ ತೂತನ್ನು ನಿಧಾನವಾಗಿ ಕೊರೆಯಿರಿ.’

ಹುಡುಗ ನಿಧಾನವಾಗಿಯೇ ಕೊರೆದ. ಮೆಷಿನನ್ನು ಪೂರ್ತಿ ವೇಗದಲ್ಲಿ ಬಿಟ್ಟು, ಕೈಯನ್ನು ಮಾತ್ರ ಮೆಲ್ಲಗೆ, ಬಹಳ ಮೆಲ್ಲಗೆ ಒತ್ತಿದ. ಹಲಸಿನ ಹಲಗೆ ಕರಕಲಾಯಿತು, ಶೆಡ್ ತುಂಬ ಹೊಗೆ. ನಿಧಾನ ಎಂಬುದು ಕೊರೆಯುವವನಿಗೋ ತಿರುಗುವುದಕ್ಕೋ ಎಂದು ನನ್ನ ವಾಕ್ಯದಲ್ಲಿ ಎಲ್ಲೂ ಇರಲಿಲ್ಲ. ಕನ್ನಡದಲ್ಲಿ ‘ಕೊರೆಯಿರಿ’ಯ ಕರ್ತೃ ಮನುಷ್ಯ, ಹಾಗಾಗಿ ಕ್ರಿಯಾವಿಶೇಷಣ ಹೋಗಿ ಮನುಷ್ಯನಿಗೇ ಅಂಟಿಕೊಂಡಿತು. ಈಗ ‘ಸುತ್ತು ಕಡಿಮೆ ಮಾಡಿ, ಬಿಟ್ ತಿನ್ನುವಷ್ಟು ಒತ್ತಿ’ ಎಂದು ಎರಡು ವಾಕ್ಯ ಮಾಡಿದ್ದೇನೆ. ಜೊತೆಗೆ ಹೊಟ್ಟು ಹೊರಬರಲೆಂದು ‘ಬಿಟ್ಟು ಬಿಟ್ಟು ಕೊರೆಯಿರಿ’ ಎಂದೂ ಬರೆದಿದ್ದೆ. ಶೆಡ್ಡಿನವರು ಡ್ರಿಲ್ ಬಿಟ್ಟಿಗೆ ‘ಬಿಟ್ಟು’ ಎಂದೇ ಹೇಳುವುದರಿಂದ ಅದನ್ನು ಓದಿ ನಾಲ್ವರೂ ನಕ್ಕರಂತೆ. ಅದನ್ನು ‘ನಡುನಡುವೆ ಹೊರಗೆಳೆದು ಹೊಟ್ಟು ಉದುರಿಸಿ’ ಎಂದು ಬದಲಾಯಿಸಿದೆ.

ಮಣಿಕಟ್ಟು ಉಳುಕಿದ್ದಕ್ಕೆ ಕಾರಣವಾದ ಪದ ಇಂಗ್ಲಿಷಿನ ‘ಕಿಕ್‌ಬ್ಯಾಕ್’ಗೆ ನಾನು ಹೆಮ್ಮೆಯಿಂದ ಟಂಕಿಸಿದ್ದು: ‘ಹಿಂದೊದೆತ’. ಅಗಲದ ಬಿಟ್ ಮರದಲ್ಲಿ ಕಚ್ಚಿಕೊಂಡು ತಟಕ್ಕನೆ ನಿಂತರೆ ಮೋಟರಿನ ಬಲ ಹೋಗುವುದೆಲ್ಲಿಗೆ? ಬಿಟ್ ತಿರುಗದಿದ್ದರೆ ಮೆಷಿನಿನ ಮೈ ತಿರುಗುತ್ತದೆ, ಅದನ್ನು ಹಿಡಿದ ಕೈಯೂ ಜೊತೆಗೆ. ‘ಹಿಂದೊದೆತದ ಬಗ್ಗೆ ಎಚ್ಚರ’ ಎಂದು ಓದಿದ ಹುಡುಗ ಮೆಷಿನ್ ಎದೆಯ ಕಡೆಗೆ ನುಗ್ಗಿ ಬರುತ್ತದೆ ಎಂದು ಭಾವಿಸಿ, ಕಾಲು ಊರಿ ಮುಂದಕ್ಕೆ ಬಲ ಕೊಟ್ಟು ನಿಂತಿದ್ದ. ಅದು ಹಿಂದಕ್ಕೆ ಒದೆಯಲಿಲ್ಲ, ಪಕ್ಕಕ್ಕೆ ತಿರುಚಿತು. ಆಚಾರ್ಯರು ಕೈಗೆ ಎಣ್ಣೆ ತಿಕ್ಕುತ್ತ ಹೇಳಿದ ಮಾತು, ‘ಮೆಷಿನ್ ಕೈ ತಿರುಪಿತು, ಅಷ್ಟೆ.’ ಅಷ್ಟು ಸಾಕಾಗಿತ್ತು ನನಗೆ. ತಿರುಪು ಎಂದರೆ ತಿರುಚುವುದು. ತಿರುಪುಮೊಳೆ, ತಿರುಪುಳಿ ಎಲ್ಲವೂ ಅದರ ಸಂತಾನ. ‘ಕೈತಿರುಪು’ ಎಂದರೆ ಯಾವ ದಿಕ್ಕಿನಿಂದ ಅಪಾಯ ಬರುತ್ತದೆ ಎಂಬುದು ಪದದೊಳಗೇ ಇದೆ. ಪಕ್ಕದ ಹಿಡಿಯನ್ನು ತಪ್ಪದೆ ಜೋಡಿಸಿ ಎರಡೂ ಕೈಯಲ್ಲಿ ಹಿಡಿಯಬೇಕು ಎಂದು ಏಕೆ ಹೇಳುತ್ತಾರೆ ಎಂಬುದಕ್ಕೂ ಮತ್ತೆ ವಿವರಣೆ ಬೇಡ. ಹಿಂದೊದೆತವನ್ನು ಹೊಡೆದುಹಾಕಿದ್ದೇನೆ, ಸಂಧಿ ಬಲ್ಲವನೆಂದು ತೋರಿಸಿಕೊಳ್ಳಲು ಬೇರೆ ಜಾಗ ಹುಡುಕುತ್ತೇನೆ.

ಇನ್ನೆರಡು ಸಣ್ಣವು. ‘ಹಲಗೆಯನ್ನು ಭದ್ರವಾಗಿ ಹಿಡಿಯಿರಿ’ ಎಂದಿದ್ದೆ. ಹಿಡಿಯುವುದು ಕೈಯ ಕೆಲಸವಾದ್ದರಿಂದ ಅವರು ಕೈಯಲ್ಲೇ ಹಿಡಿದರು. ಈಗ ‘ಕ್ಲಾಂಪ್ ಹಾಕಿ ಮೇಜಿಗೆ ಬಿಗಿಯಿರಿ’ ಎಂದಾಗಿದೆ. ಮತ್ತೊಂದು, ‘ಕೈಗವಸು ಹಾಕಿಕೊಳ್ಳಬೇಕಾಗಿಲ್ಲ’. ತಿರುಗುವ ಬಿಟ್ಟಿಗೆ ಕೈಗವಸಿನ ನೂಲು ಸಿಕ್ಕಿದರೆ ಬೆರಳನ್ನೂ ಸೇರಿಸಿ ಎಳೆದುಕೊಳ್ಳುತ್ತದೆ, ಆದ್ದರಿಂದ ಹಾಕಲೇಕೂಡದು. ‘ಬೇಕಾಗಿಲ್ಲ’ ಎಂದರೆ ಬೇಕಿದ್ದವರು ಹಾಕಬಹುದು ಎಂದಾಯಿತಲ್ಲ! ಸರ್ಕಾರಿ ಅನುವಾದಗಳಲ್ಲಿ ‘ತಕ್ಕದ್ದಲ್ಲ’ ಎಂಬುದನ್ನು ನೋಡಿ ನಗುತ್ತಿದ್ದವನು ನಾನೇ. ಕಣ್ಣು ಕಾಯುವ ಕನ್ನಡಕಕ್ಕೆ ‘ಬೇಕೇ ಬೇಕು’, ಕೈಗವಸಿಗೆ ‘ಕೂಡದು’; ದಪ್ಪಕ್ಷರದಲ್ಲಿ ಬರೆದಿದ್ದೇನೆ.

ಈಗ ನಿಮ್ಮ ಸಹಾಯ ಬೇಕಾಗಿರುವುದು ಉಪಕರಣಗಳ ಹೆಸರಿಗೆ. ಹಗ್ಗ ಸುತ್ತಿ ಎಳೆದಾಡಿಸುತ್ತಿದ್ದ ಹಳೆಯ ಉಪಕರಣ ‘ಬೈರಿಗೆ’ ನಿಘಂಟುಗಳಲ್ಲಿದೆ, ಆಚಾರ್ಯರ ಅಟ್ಟದಲ್ಲೂ ಇದೆ. ಆ ಕಾಲದಲ್ಲಿ ಬೈರಿಗೆಯಿಂದ ಇಷ್ಟು ಅಗಲದ ತೂತನ್ನು ಒಂದೇ ಸಲಕ್ಕೆ ಕೊರೆಯುತ್ತಿರಲಿಲ್ಲ. ಬರೆದ ವೃತ್ತದ ಗುಂಟ ಸಣ್ಣ ತೂತುಗಳ ಸಾಲು ಹಾಕಿ, ನಡುವಿನ ಮರವನ್ನು ಉಳಿಯಿಂದ ಬಿಡಿಸುತ್ತಿದ್ದರು. ವಿದ್ಯುತ್ತಿನ ಡ್ರಿಲ್ಲಿಗೆ ಬೈರಿಗೆ ಎಂದರೆ ಹುಡುಗರಿಗೆ ತಮಾಷೆ. ನನಗೆ ಹಾಗನ್ನಿಸುವುದಿಲ್ಲ. ಎತ್ತಿನ ಗಾಡಿಗೂ ಮೋಟಾರಿನ ಗಾಡಿಗೂ ಗಾಡಿಯೆಂದೇ ಹೇಳಲಿಲ್ಲವೇ?

ಬಿಟ್ಟುಗಳು ಮೂರು ಬಗೆ. ಸಟ್ಟುಗದಂತೆ ಚಪ್ಪಟೆಯಾಗಿ ನಡುವೆ ಮೊನೆ ಇರುವುದು ಒಂದು. ತಳವನ್ನು ಸಪಾಟಾಗಿ ತೆಗೆಯುವ ಫಾರ್ಸ್ಟ್‌ನರ್ ಇನ್ನೊಂದು. 1874ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಬೆಂಜಮಿನ್ ಫಾರ್ಸ್ಟ್‌ನರ್ ಹೆಸರಿನದು, ಅದನ್ನು ಹಾಗೆಯೇ ಬಿಡೋಣ. ಮೂರನೆಯದು ಹೋಲ್ ಸಾ, ಬಾಯಂಚಿನಲ್ಲಿ ಹಲ್ಲುಗಳಿರುವ ಬಟ್ಟಲು. ಮೊದಲಿನೆರಡು ಮರವನ್ನೆಲ್ಲ ಚೂರು ಮಾಡಿ ಹೊರಗೆ ಹಾಕುತ್ತವೆ, ಆದ್ದರಿಂದ ಅವು ಕೊರೆಯುತ್ತವೆ. ಮೂರನೆಯದು ಉಂಗುರದಷ್ಟನ್ನೇ ಕೊಯ್ದು ನಡುವಿನ ಬಿಲ್ಲೆಯನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಬಿಸಿಯಾದ ಆ ಬಿಲ್ಲೆಯನ್ನು ಪ್ಲಗ್ ಕೀಳದೆ ಬೆರಳು ಹಾಕಿ ಬಿಡಿಸಲು ಹೋಗುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಇದಕ್ಕೆ ‘ಬಳೆಗರಗಸ’ ಎಂದು ಬರೆದಿದ್ದೇನೆ. ಕೊಯ್ಯುವುದು ಬಳೆಯ ಆಕಾರದಲ್ಲಿ, ಕೆಲಸ ಗರಗಸದ್ದು. ಒಪ್ಪುತ್ತೀರಾ?

ಕೊನೆಯದಾಗಿ, ಬಿಟ್ ಆಚೆ ಬದಿಗೆ ಹೊರಡುವಾಗ ಮರ ಹರಿದು ಎದ್ದು ಬರುವುದಕ್ಕೆ ಆಚಾರ್ಯರ ಮಾತು ‘ಸಿಬಿರೇಳುವುದು’. ನಡುವಿನ ಮೊನೆ ಆಚೆ ಇಣುಕಿದ ಕೂಡಲೇ ನಿಲ್ಲಿಸಿ, ಹಲಗೆ ಮಗುಚಿ, ಅದೇ ಚುಕ್ಕಿಯಿಂದ ಉಳಿದದ್ದನ್ನು ಕೊರೆದರೆ ಸಿಬಿರೇಳುವುದಿಲ್ಲ. ಬೇಡವಾದ ಹಲಗೆಯೊಂದನ್ನು ಅಡಿಯಲ್ಲಿ ಒತ್ತಿ ಕಟ್ಟಿದರೂ ಆಗುತ್ತದೆ. ಆ ಹಲಗೆಗೆ ಇಂಗ್ಲಿಷಿನ ‘ಸ್ಯಾಕ್ರಿಫಿಶಿಯಲ್ ಬೋರ್ಡ್’ ನೋಡಿ ‘ಬಲಿಹಲಗೆ’ ಎಂದು ಅನುವಾದಿಸಿದ್ದೆ, ಆಚಾರ್ಯರು ಕೈಮುಗಿದು ಬೇಡವೆಂದರು. ‘ಅಡಿಹಲಗೆ’ ಎಂದು ಆಯಿತು. ಶಿರಸಿ, ಧಾರವಾಡ, ಮೈಸೂರು ಕಡೆಯ ಮರಗೆಲಸದವರು ಈ ಸಿಬಿರಿಗೆ ಏನೆನ್ನುತ್ತಾರೆ, ಅವರ ಬಾಯಲ್ಲಿ ಬೈರಿಗೆ ಇನ್ನೂ ಇದೆಯೇ ಎಂದು ಕೇಳಿ ತಿಳಿಸಿದರೆ ಉಪಕಾರ. ಹಾಳೆಯನ್ನು ಮುಂದಿನ ಶನಿವಾರ ಲ್ಯಾಮಿನೇಟ್ ಮಾಡಿಸುತ್ತೇವೆ. ಡ್ರಿಲ್ಲಿನ ಹೆಸರು ಬರಬೇಕಾದ ಕಡೆ ಸದ್ಯಕ್ಕೆ ನಾಲ್ಕಕ್ಷರದಷ್ಟು ಜಾಗ ಖಾಲಿ ಬಿಟ್ಟಿದ್ದೇನೆ.