ಇಂಡಿ ಲೇಬಲ್‌ಗಳು ಶುರುವಾಗಿದ್ದು ಯಾರ ದುಡ್ಡಲ್ಲಿ?

ಬೇಸ್_ಬಸವನಗುಡಿ:
ಗುರುಗಳೇ ಒಂದು ಡೌಟು. ನಮ್ ಬ್ಯಾಂಡ್‌ದು ಒಂದಷ್ಟು ಹಾಡು ರೆಡಿ ಇದೆ, ಲೇಬಲ್ (ರೆಕಾರ್ಡ್ ಕಂಪನಿ) ಅಂತ ಒಂದು ಹೆಸರಿಟ್ಕೊಂಡು ನಾವೇ ರಿಲೀಸ್ ಮಾಡೋಣ ಅಂದ್ರೆ ಡ್ರಮ್ಮರ್ ಒಪ್ತಿಲ್ಲ, ರಫ್ ಟ್ರೇಡ್, ಫ್ಯಾಕ್ಟರಿ, ಮ್ಯೂಟ್ ಅಂತ ಇಂಗ್ಲೆಂಡಿನ ಇಂಡಿ ಲೇಬಲ್‌ಗಳು (ದೊಡ್ಡ ಕಂಪನಿಗೆ ಸೇರದ ಲೇಬಲ್ಲು) ಇವೆಲ್ಲ ಮನೇಲಿ ಕಾಸಿದ್ದೋರು ಮಾಡಿದ್ದು ಕಣೋ ನಮ್ ಕೈಲಾಗಲ್ಲ ಅಂತಾನೆ. ನಿಜಾನಾ? 1976-80ರ ಹೊತ್ತಿಗೆ ಇಂಗ್ಲೆಂಡಲ್ಲಿ ಅಷ್ಟೊಂದು ಪುಟ್ಟ ಪುಟ್ಟ ಲೇಬಲ್ ಒಟ್ಟಿಗೇ ಹುಟ್ಕೊಂಡಿದ್ದು ಹೇಗೆ, ಮೊದಲನೇ ರೆಕಾರ್ಡಿಗೆ ದುಡ್ಡು ಎಲ್ಲಿಂದ ಬಂತು? ವಿಕಿಪೀಡಿಯ ನೋಡು ಅನ್ಬೇಡಿ, ನೋಡಿದೀನಿ, ಯಾವ ಬ್ಯಾಂಡು ಯಾವ ವರ್ಷ ಅನ್ನೋ ಪಟ್ಟಿ ಓದಿ ಸಾಕಾಗಿದೆ.

ಹಳೇಪ್ಲೇಟು:
ನಿಮ್ ಡ್ರಮ್ಮರ್ ಹೇಳೋದ್ರಲ್ಲಿ ಕಾಲು ಭಾಗ ನಿಜ ಇದೆ, ಮಿಕ್ಕಿದ್ದು ಸೋಂಬೇರಿತನ 😄

ಸ್ಟಿಫ್ ರೆಕಾರ್ಡ್ಸ್ ತಗೊಳ್ಳಿ. 1976ರಲ್ಲಿ ಜೇಕ್ ರಿವಿಯೇರಾ ಮತ್ತೆ ಡೇವ್ ರಾಬಿನ್ಸನ್ ಶುರು ಮಾಡಿದ್ದು 400 ಪೌಂಡ್ ಸಾಲದಲ್ಲಿ, ಅದನ್ನ ಕೊಟ್ಟೋನು ಡಾಕ್ಟರ್ ಫೀಲ್‌ಗುಡ್ ಬ್ಯಾಂಡಿನ ಹಾಡುಗಾರ ಲೀ ಬ್ರಿಲೋ. ಮಾರನೇ ವರ್ಷ ಜನವರಿಗೆ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಹುಡುಗರು ಸ್ನೇಹಿತರು, ಮನೆಯವರು ಅಂತ ಕೈಗಡ ಎತ್ಕೊಂಡು ಸುಮಾರು 500 ಪೌಂಡಲ್ಲಿ ನಾಲ್ಕು ಹಾಡಿನ ಇಪಿ (ಆಲ್ಬಮ್‌ಗಿಂತ ಸಣ್ಣ ರೆಕಾರ್ಡು) ತಂದ್ರು, ಲೇಬಲ್ ಹೆಸರು ನ್ಯೂ ಹಾರ್ಮೋನ್ಸ್, ಅಂದ್ರೆ ಲೇಬಲ್ ಅಂತ ಬೇರೆ ಆಫೀಸೇನೂ ಇಲ್ಲ, ಅವರೇ ಲೇಬಲ್ಲು. ಮೊದಲು 1000 ಕಾಪಿ ಪ್ರೆಸ್ ಮಾಡಿಸಿದ್ದು, ಕೊನೆಗೆ ಹೋಗಿದ್ದು 16,000 ಹತ್ರ. ಲಂಡನ್ನಿಗೆ ಹೋಗಿ ದೊಡ್ಡ ಕಂಪನಿ ಬಾಗಿಲು ಕಾಯೋದು ಬೇಡ ಅನ್ನೋ ಧೈರ್ಯ ಬೇರೆ ಊರಿನ ಹುಡುಗರಿಗೆ ಬಂದಿದ್ದು ಇಲ್ಲಿಂದ ಅಂತ ನನ್ ಲೆಕ್ಕ.

ಕಾಸಿದ್ದೋರು ಅಂದ್ರೆ ಫ್ಯಾಕ್ಟರಿಯ ಟೋನಿ ವಿಲ್ಸನ್ ಅನ್ಬಹುದು. ಗ್ರಾನಡಾ ಟಿವಿಯಲ್ಲಿ ಕೆಲಸ ಇತ್ತು, ತಾಯಿ ಬಿಟ್ಟುಹೋದ ದುಡ್ಡನ್ನ ಮೊದಲ ರೆಕಾರ್ಡಿಗೆ ಹಾಕಿದ. ಆದ್ರೂ ಆಫೀಸ್ ಅಂತ ಇದ್ದಿದ್ದು ಮ್ಯಾಂಚೆಸ್ಟರಿನ ಪಾಲಟೈನ್ ರೋಡಲ್ಲಿ ಪಾರ್ಟ್ನರ್ ಅಲನ್ ಎರಾಸ್ಮಸ್ ವಾಸ ಇದ್ದ ಫ್ಲಾಟು.

ಹುಬ್ಬಳ್ಳಿಯಾಂವ:
ರೊಕ್ಕದ್ದು ಸಣ್ಣ ಮಾತರಿ. ಖರೇ ಅಂದ್ರ ಸಾವಿರ ಕಾಪಿ ಪ್ರೆಸ್ ಮಾಡಸೂದು ಅವಾಗ ಅಂಥಾ ದೊಡ್ಡ ಕೆಲಸ ಅಲ್ಲ, ಆ ಸಾವಿರ ಕಾಪಿ ಮನ್ಯಾಗ ಮಂಚದ ಕೆಳಗ ಕುಂತ್ರ ಏನ್ ಮಾಡ್ತೀರಿ? ಊರೂರಿನ ಅಂಗಡಿಗೆ ಮುಟ್ಟಿಸೋ ದಾರಿ ಎಲ್ಲಾ ಇಎಂಐ, ಸಿಬಿಎಸ್‌ನಂಥಾ ದೊಡ್ಡ ರೆಕಾರ್ಡ್ ಕಂಪನಿಯವ್ರ ಕೈಯಾಗ ಇತ್ತು. ಅದಕ್ಕ ನನ್ನ ಕೇಳಿದ್ರ ಈ ಕಥೀ ಶುರುವಾಗೂದು ಲೇಬಲ್‌ನಿಂದ ಅಲ್ಲ, ಅಂಗಡಿಯಿಂದ.

ಜೆಫ್ ಟ್ರಾವಿಸ್ 1976ರಾಗ ಪಶ್ಚಿಮ ಲಂಡನ್ನಿನ್ಯಾಗ ರಫ್ ಟ್ರೇಡ್ ಅಂಗಡಿ ತಗದ, ಲೇಬಲ್ ಆಗಿದ್ದು 1978ಕ್ಕ. ನಡುವಿನ ಆ ಎರಡು ವರ್ಷನ ಮುಖ್ಯ ನೋಡ್ರಿ, ಹುಡುಗ್ರು ತಾವ ಮಾಡಿದ ರೆಕಾರ್ಡ್ ಹಿಡ್ಕೊಂಡು ಬಂದು ಕೌಂಟರ್ ಮ್ಯಾಲೆ ಇಡತಿದ್ರು, ಇವ್ರು ತಾವೂ ಮಾರಿ ಬ್ಯಾರೆ ಅಂಗಡಿಗೂ ಕಳಸತಿದ್ರು. ಮ್ಯೂಟ್ ಹುಟ್ಟಿದ್ದೂ ಹಂಗ. ಡೇನಿಯಲ್ ಮಿಲ್ಲರ್ ಸಿನಿಮಾ ಎಡಿಟಿಂಗ್ ಕೆಲಸ ಮಾಡಾಂವ, ಒಂದು ಕೊರ್ಗ್ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್), ಒಂದು ಟಿಯಾಕ್ ಟೇಪ್ ಮಷೀನ್ ಇಟ್ಕೊಂಡು ಮನ್ಯಾಗ ಎರಡು ಹಾಡು ಮಾಡ್ದ. 500 ಕಾಪಿ ಸಾಕು ಅಂತಿದ್ದಾಂವಗ ರಫ್ ಟ್ರೇಡ್‌ನವ್ರು 2000 ಮಾಡ್ಸು, ನಾವ ಹಂಚ್ತೀವಿ ಅಂದ್ರು. ಕವರ್ ಮ್ಯಾಲೆ ಅವ್ವನ ಮನಿ ಅಡ್ರೆಸ್ ಹಾಕ್ಯಾನ, ಅದನ್ನ ನೋಡಿ ಮಂದಿ ತಮ್ಮ ಟೇಪ್ ಕಳಸಾಕ ಹತ್ತಿದ್ರು! ಲೇಬಲ್ ಮಾಡೂ ವಿಚಾರನ ಇರಲಿಲ್ಲ ಅಂವಗ.

ಮುಂದ ಯಾರ್ಕಿನ ರೆಡ್ ರೈನೋ, ಬ್ರಿಸ್ಟಲ್ಲಿನ ರಿವಾಲ್ವರ್ ಹಿಂಗ ಊರೂರಿನ ಅಂಗಡಿಯವ್ರು ರಫ್ ಟ್ರೇಡ್ ಜೋಡಿ ಕೂಡಿ ದಿ ಕಾರ್ಟೆಲ್ ಅಂತ ಹಂಚೂ ಜಾಲ ಕಟ್ಟಿದ್ರು. 1980ರ ಜನವರಿಯಾಗ ಬಂದ ಇಂಡಿ ಚಾರ್ಟಿಗೂ (ಹೆಚ್ಚು ಮಾರಿದ ಇಂಡಿ ರೆಕಾರ್ಡ್ ಪಟ್ಟಿ) ಅಳತಿ ಇದ ಇತ್ತು, ಹಾಡು ಎಂಥಾದು ಅನ್ನೂದಲ್ಲ, ದೊಡ್ಡ ಕಂಪನಿ ಲಾರಿ ಹತ್ತದ ಅಂಗಡಿಗೆ ಬಂದೈತೇನು ಅನ್ನೂದು.

ಬೇಸ್_ಬಸವನಗುಡಿ:
ಸೂಪರ್ ಅಣ್ಣ, ಅಂಗಡಿ ಆ್ಯಂಗಲ್ ಯೋಚ್ನೇನೇ ಮಾಡಿರ್ಲಿಲ್ಲ. ಇನ್ನೊಂದು, ಫ್ಯಾಕ್ಟರಿಯವರು ಅಗ್ರಿಮೆಂಟೇ ಮಾಡ್ತಿರ್ಲಿಲ್ವಂತೆ? ನಾವೂ ಫ್ರೆಂಡ್ಸೇ ಅಲ್ವಾ, ಪೇಪರ್ ಗೀಪರ್ ಬೇಕಾ?

ಎರಡನೇ_ಮಹಡಿ_ಸ್ಟುಡಿಯೋ:
ದಯವಿಟ್ಟು ಬರೆದಿಟ್ಕೊಳ್ಳಿ, ಒಂದು ಹಾಳೆ ಆದ್ರೂ ಸರಿ. ಖರ್ಚು ಕಳೆದು ಉಳಿದಿದ್ದು ಅರ್ಧ ಲೇಬಲ್ಲಿಗೆ ಅರ್ಧ ಬ್ಯಾಂಡಿಗೆ ಅನ್ನೋದು ಆಗಿನ ಲೇಬಲ್‌ಗಳ ಪದ್ಧತಿ, ಕೇಳೋಕೆ ಚೆನ್ನಾಗಿದೆ, ಆದ್ರೆ ಖರ್ಚು ಅಂದ್ರೆ ಯಾವ್ದು ಯಾವ್ದು ಅನ್ನೋದ್ರಲ್ಲೇ ಜಗಳ ಬರೋದು. ಫ್ಯಾಕ್ಟರಿ ವಿಷ್ಯಕ್ಕೆ ಬಂದ್ರೆ, ಎಲ್ಲಾ ಸಂಗೀತಗಾರರದ್ದು, ಕಂಪನಿದು ಏನೂ ಇಲ್ಲ ಅಂತ ಬರೆದಿಟ್ಟಿದ್ರು. 1992ರಲ್ಲಿ ಮುಳುಗೋ ಟೈಮಲ್ಲಿ ಲಂಡನ್ ರೆಕಾರ್ಡ್ಸ್‌ನವರು ಕೊಂಡ್ಕೊಳ್ಳೋಕೆ ಬಂದಾಗ ಅದು ಹೊರಗೆ ಬಂತು, ಅವರ ದೊಡ್ಡ ಬ್ಯಾಂಡ್ ನ್ಯೂ ಆರ್ಡರ್‌ನ ಹಾಡುಗಳೇ ಫ್ಯಾಕ್ಟರಿದಲ್ಲ ಅಂದ್ಮೇಲೆ ಯಾರಿಗೆ ಬೇಕು ಆ ಕಂಪನಿ?

ಹಳೇಪ್ಲೇಟು:
ಇದನ್ನ ನಾನು ಪೂರ್ತಿ ಒಪ್ಪಲ್ಲ ಸಾರ್. ಅಮೆರಿಕದ ವಾಷಿಂಗ್ಟನ್‌ನಲ್ಲಿ ಡಿಸ್ಕಾರ್ಡ್ ಲೇಬಲ್ ನೋಡಿ, ಅಲ್ಲೂ ಕಾಂಟ್ರಾಕ್ಟ್ ಇಲ್ಲ, 1980ರಿಂದ ಇನ್ನೂ ನಡೀತಿದೆ. ಟೀನ್ ಐಡಲ್ಸ್ ಬ್ಯಾಂಡ್ ಮುರಿದು ಹೋದಾಗ ಶೋಗಳಿಂದ ಕೂಡಿಟ್ಟಿದ್ದ ದುಡ್ಡನ್ನ ಹಂಚ್ಕೊಳ್ಳೋ ಬದ್ಲು ಇಯಾನ್ ಮೆಕೈ, ಜೆಫ್ ನೆಲ್ಸನ್ ಅದರಲ್ಲೇ ಒಂದು ರೆಕಾರ್ಡ್ ತಂದ್ರು, ಕವರ್‌ಗಳನ್ನ ಕೂತ್ಕೊಂಡು ಕತ್ತರಿಸಿ ಮಡಚಿ ಅಂಟಿಸಿದ್ದೂ ಅವರೇ. ವ್ಯತ್ಯಾಸ ಏನು ಅಂದ್ರೆ ಅವರು ತಮ್ಮೂರಿನ ಬ್ಯಾಂಡ್ ಬಿಟ್ಟು ಬೇರೆಯವರನ್ನ ಮುಟ್ಲಿಲ್ಲ, ಕೈಮೀರಿ ಖರ್ಚೂ ಮಾಡ್ಲಿಲ್ಲ. ಫ್ಯಾಕ್ಟರಿಯವರು 1982ರಲ್ಲಿ ಹಾಸಿಯೆಂಡಾ ಅಂತ ನೈಟ್ ಕ್ಲಬ್ಬೇ ತೆಗೆದು ನ್ಯೂ ಆರ್ಡರ್ ರೆಕಾರ್ಡ್ ದುಡ್ಡನ್ನ ಅದಕ್ಕೆ ಸುರಿದ್ರು. ಮುಳುಗಿಸಿದ್ದು ಪೇಪರ್ ಇಲ್ದಿದ್ದಲ್ಲ, ಕಟ್ಟಡ.

ಹುಬ್ಬಳ್ಳಿಯಾಂವ:
ಕಾಗದ ಇದ್ದೂ ಮುಳುಗಿದಾವ್ರು ಅದಾರ ಬಿಡ್ರಿ. 1991ರಾಗ ರಫ್ ಟ್ರೇಡ್ ಹಂಚೂ ಕಂಪನಿನ ದಿವಾಳಿ ಎದ್ದಾಗ, ಅದನ್ನ ನಂಬಿದ್ದ ಸಣ್ಣ ಸಣ್ಣ ಲೇಬಲ್‌ಗಳ ಮಾರಿದ ಮಾಲಿನ ಬಾಕಿ ರೊಕ್ಕ ಅಲ್ಲೇ ಸಿಕ್ಕೊಂತು.