ಸೀತಾಳೆ ದಂಡೆ ನಮ್ಮ ಬಿಸಿಲಿಗೆ ಬಾಳುತ್ತದೆಯೇ?

ಅಣ್ಣ (ಕೊಪ್ಪಳ): ಈಗ ಕಳಿಸಿದ ಚಿತ್ರವನ್ನು ಎಲ್ಲರೂ ನೋಡಿರಿ. ನರಿಯ ಬಾಲದಂತೆ ಜೋತುಬಿದ್ದಿರುವ ಈ ಹೂಗೊಂಚಲು ಅಸ್ಸಾಮಿನ ರಾಜ್ಯಪುಷ್ಪ, ಬಿಹು ಕುಣಿತದ ಹೆಣ್ಣುಮಕ್ಕಳು ಇದನ್ನೇ ಮುಡಿಯುತ್ತಾರೆ. ಮಣ್ಣು, ಸಗಣಿ ಗೊಬ್ಬರ ತುಂಬಿದ ಕುಂಡದಲ್ಲಿ ನೆಟ್ಟು ದಿನಾ ನೀರು ಹಾಕಿದರೆ ಎಲ್ಲಿಯಾದರೂ ಬೆಳೆಯುತ್ತದೆ ಎಂದು ಚಿತ್ರದ ಕೆಳಗೆ ಬರೆದಿದ್ದಾರೆ. ಮುಂದಿನ ವಾರ ಆಗುಂಬೆಗೆ ಹೋದಾಗ ನಾಲ್ಕು ಗಿಡ ಕಿತ್ತು ತರುತ್ತೇನೆ, ಮನೆಗೊಂದು ಹಂಚಿಕೊಳ್ಳೋಣ.

ದೊಡ್ಡಪ್ಪ (ರಾಯಚೂರು): ನನಗೆ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಬೇವಿನ ಎಲೆಯೇ ಬಾಡುವ ನಮ್ಮ ಊರಿಗೆ ಮಲೆನಾಡಿನ ಗಿಡವನ್ನು ತಂದು ಸಾಯಿಸುವುದು ಸರಿಯಲ್ಲ.

ನಾನು (ಬಳ್ಳಾರಿ): ಅಣ್ಣಾ, ದಯವಿಟ್ಟು ಕೀಳಬೇಡ. ಇದು ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸೀತಾಳೆ ದಂಡೆ ಎಂಬ ಆರ್ಕಿಡ್. ಮರದ ತೊಗಟೆಯನ್ನು ಹಿಡಿದುಕೊಂಡು ಗಾಳಿಯಲ್ಲಿ ಬೇರು ಬಿಟ್ಟು ಬದುಕುವ ಈ ಗಿಡವನ್ನು ಮಣ್ಣಿನಲ್ಲಿ ಹೂತರೆ ಉಸಿರು ಕಟ್ಟಿ ಬೇರು ಕೊಳೆಯುತ್ತದೆ. ಅದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರದ ಸಂಗ್ರಹವೇ ಇರುವುದಿಲ್ಲ. ಕಾಡಿನಲ್ಲಿ ಸೂಕ್ತವಾದ ಶಿಲೀಂಧ್ರದ ನೆರವು ಸಿಕ್ಕಿದರೆ ಮಾತ್ರ ಮೊಳೆತು, ಹೂ ಬಿಡುವಷ್ಟು ಬೆಳೆಯಲು ವರ್ಷಗಳೇ ಹಿಡಿಯುತ್ತವೆ. ಅಂಥದನ್ನು ಒಂದು ಕ್ಷಣದಲ್ಲಿ ಕಿತ್ತುಬಿಡುವುದು ನನಗೆ ಸಹಿಸಲಾಗದ ಮಾತು. ಕಾಯ್ದಿಟ್ಟ ಅರಣ್ಯದಿಂದ ಅನುಮತಿಯಿಲ್ಲದೆ ಕಿತ್ತರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅದು ಅಪರಾಧವೂ ಹೌದು.

ಅಣ್ಣ (ಕೊಪ್ಪಳ): ಬಿದ್ದ ಮರದ ಮೇಲಿರುವುದನ್ನು ತಂದರೂ ತಪ್ಪೇ? ಅಲ್ಲಿದ್ದರೆ ಹೇಗೂ ಸಾಯುತ್ತದೆ.

ನಾನು (ಬಳ್ಳಾರಿ): ಬಿದ್ದ ಮರದ ಮೇಲಿನ ಗಿಡವೂ ಕಾಡಿನದೇ, ಅಣ್ಣಾ. ಅದು ಕಣ್ಣಿಗೆ ಬಿದ್ದರೆ ಅಲ್ಲಿಯ ಅರಣ್ಯ ಸಿಬ್ಬಂದಿಗೆ ತಿಳಿಸು. ನರ್ಸರಿಯಲ್ಲಿ ಬೆಳೆಸಿದ ಗಿಡವನ್ನೇ ನಾನು ಕೊಂಡದ್ದು, ನಿನಗೂ ಅದೇ ಸಿಗುತ್ತದೆ.

ದೊಡ್ಡಪ್ಪ, ನಿಮ್ಮ ಮಾತಿನಲ್ಲಿ ಅರ್ಧ ನಿಜವಿದೆ. ಆದರೆ ನನ್ನ ಅನುಭವದಲ್ಲಿ ಈ ಗಿಡವನ್ನು ಕೆಡಿಸುವುದು ಶಾಖಕ್ಕಿಂತ ಹೆಚ್ಚಾಗಿ ಒಣಗಾಳಿ ಮತ್ತು ಉಪ್ಪುನೀರು. ಮೊದಲನೆಯ ಗಿಡವನ್ನು ನಾನೇ ಕೊಂದೆ. ಕುಡಿಯುವ ನೀರಿನ ಯಂತ್ರದಿಂದ ಹೊರಬರುವ ತ್ಯಾಜ್ಯ ನೀರು ವ್ಯರ್ಥವಾಗಬಾರದೆಂದು ನಾಲ್ಕು ತಿಂಗಳು ಅದನ್ನೇ ಹಾಕಿದೆ. ಬೋರ್‌ವೆಲ್ ನೀರಿನ ಲವಣವೆಲ್ಲ ಆ ತ್ಯಾಜ್ಯದಲ್ಲೇ ದಟ್ಟವಾಗಿ ಉಳಿಯುತ್ತದೆ ಎಂಬುದು ಬೇರಿನ ಸುತ್ತ ತುಂಬಿದ್ದ ಇದ್ದಿಲಿನ ಮೇಲೆ ಸುಣ್ಣದಂಥ ಬಿಳಿ ಪೊರೆ ಕಟ್ಟಿ, ಹಸಿರಾಗಿದ್ದ ಬೇರಿನ ತುದಿಗಳು ಒಂದೊಂದಾಗಿ ಕಪ್ಪಾದಾಗ ತಿಳಿಯಿತು. ಈಗ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಡುತ್ತೇನೆ. ಅದು ಮುಗಿದರೆ ಶುದ್ಧೀಕರಿಸಿದ ನೀರನ್ನೇ ಕೊಡುತ್ತೇನೆ.

ಎರಡನೆಯ ಗಿಡ ಮರದ ಪಟ್ಟಿಗಳ ಬುಟ್ಟಿಯಲ್ಲಿ, ಇದ್ದಿಲಿನ ಚೂರು ಮತ್ತು ತೆಂಗಿನ ಸಿಪ್ಪೆಯ ನಡುವೆ, ಅಂಗಳದ ಬೇವಿನ ಕೊಂಬೆಗೆ ತೂಗಿದೆ. ಕಾದ ಮಾಳಿಗೆಯ ಮೇಲೆ ಅದನ್ನು ಎಂದೂ ಇಡಬಾರದು. ಬೇಸಿಗೆಯಲ್ಲಿ ಕೆಳಗೆ ಅಗಲವಾದ ನೀರಿನ ತೊಟ್ಟಿಯಿಟ್ಟು, ಗಾಳಿ ಬೀಸುವ ಕಡೆಗೆ ಒದ್ದೆ ಗೋಣಿತಟ್ಟು ಕಟ್ಟುತ್ತೇನೆ. ಬೆಳಿಗ್ಗೆ ನೀರು ಚಿಮುಕಿಸಿದಾಗ ಬೂದುಬಿಳಿಯ ಬೇರು ನಿಮಿಷದೊಳಗೆ ಹಸಿರಾಗುತ್ತದೆ. ಹಸಿರಾದರೆ ನೀರು ಕುಡಿದಿದೆ ಎಂದೇ ಅರ್ಥ. ಉರಿಬಿಸಿಲಿನ ದಿನಗಳಲ್ಲಿ ನಾಲ್ಕು ಗಂಟೆಗೆ ಮತ್ತೊಮ್ಮೆ ಬೇರಿಗೆ ಮಾತ್ರ ಕೊಡಬೇಕು, ಏಕೆಂದರೆ ರಾತ್ರಿ ಸುಳಿಯಲ್ಲಿ ನೀರು ನಿಂತರೆ ಸುಳಿ ಕೊಳೆತು ಗಿಡವೇ ಹೋಗುತ್ತದೆ.

ದೊಡ್ಡಪ್ಪ (ರಾಯಚೂರು): ಇಷ್ಟು ಆರೈಕೆ ಮಾಡಿದ ಮೇಲೆ ಹೂ ಎಷ್ಟು ದಿನ ಇರುತ್ತದೆ? ಮಲ್ಲಿಗೆ ನೆಟ್ಟರೆ ಬೇಸಿಗೆಯೆಲ್ಲ ಪರಿಮಳ ಸಿಗುತ್ತದಲ್ಲ?

ನಾನು (ಬಳ್ಳಾರಿ): ವರ್ಷಕ್ಕೊಮ್ಮೆ, ಎರಡು ಮೂರು ವಾರ. ಮಲ್ಲಿಗೆಯಂತೆ ಅಂಗಳ ತುಂಬುವ ಘಮವೂ ಇದಕ್ಕಿಲ್ಲ. ಗೊಂಚಲಿನ ಹತ್ತಿರ ಮುಖವೊಡ್ಡಿದರೆ ಮಾತ್ರ ನಸುಗಂಪು ತಿಳಿಯುತ್ತದೆ. ಆದರೆ ಹೋದ ವರ್ಷ ಜೂನ್ ಮೊದಲ ವಾರ ಒಂದು ಗೇಣಿಗಿಂತ ಉದ್ದದ ಗೊಂಚಲು ಇಳಿದು, ಬಿಳಿ ಎಸಳಿನ ಮೇಲೆ ನೇರಳೆ ಚುಕ್ಕೆಗಳಿರುವ ಪುಟ್ಟ ಹೂಗಳು ಒತ್ತೊತ್ತಾಗಿ ಅರಳಿದ್ದನ್ನು ಕಂಡವಳಿಗೆ ಆ ಇಪ್ಪತ್ತು ದಿನ ಕಡಿಮೆ ಎನಿಸಲಿಲ್ಲ, ದೊಡ್ಡಪ್ಪ.

ದೊಡ್ಡಪ್ಪ (ರಾಯಚೂರು): ನಿನ್ನ ಅಂಗಳದಲ್ಲಿ ಬೇವಿದೆ, ನಿನಗೆ ಸಾಧ್ಯವಾಯಿತು. ಇಲ್ಲಿ ನಮಗೆ ಮೂರನೆಯ ಮಹಡಿ. ನನ್ನ ಅಭಿಪ್ರಾಯ ಬದಲಾಗಿಲ್ಲ.

ನಾನು (ಬಳ್ಳಾರಿ): ಮೂರನೆಯ ಮಹಡಿಗೆ ನಾನೂ ಬೇಡವೆಂದೇ ಹೇಳುತ್ತೇನೆ.

ಅತ್ತಿಗೆ (ಕೊಪ್ಪಳ): ಆಗುಂಬೆಯಿಂದ ಏನನ್ನೂ ಕಿತ್ತು ತರದಂತೆ ಇವರಿಗೆ ನಾನು ಹೇಳಿದ್ದೇನೆ. ನಮ್ಮ ಪಡಸಾಲೆಗೆ ಬೆಳಿಗ್ಗೆ ಒಂಬತ್ತರವರೆಗೆ ಮೂಡಣ ಬಿಸಿಲು ಬರುತ್ತದೆ, ಆಮೇಲೆ ನೆರಳು, ಗಾಳಿಯೂ ಆಡುತ್ತದೆ. ಅಲ್ಲಿ ತೂಗಿದರೆ ಆಗುತ್ತದೆಯೇ?

ನಾನು (ಬಳ್ಳಾರಿ): ಚೆನ್ನಾಗಿಯೇ ಆಗುತ್ತದೆ, ಅತ್ತಿಗೆ. ನನ್ನ ಗಿಡದ ಬುಡದಲ್ಲಿ ಒಂದು ಮರಿ ಬಂದಿದೆ, ಅದಕ್ಕೆ ಸದ್ಯ ಒಂದೇ ಬೇರು. ಇನ್ನೆರಡು ಬೇರು ಬೆರಳುದ್ದ ಬಂದ ಮೇಲೆ ಬಿಡಿಸಿ ಕೊಡುತ್ತೇನೆ. ಅಷ್ಟರಲ್ಲಿ ಮಳೆನೀರಿಗೆ ಒಂದು ಡ್ರಮ್ಮು ಹೊಂದಿಸಿಡಿ.